ಮಳೆ ನಿಂತ ಮೇಲೆ ಬೆಟ್ಟದ ದಾರಿ

"ಉಮ್ಮಾ, ಮಳೆ ನಿಂತಿದೆಯಲ್ಲ, ಇನ್ನೇನು ಭಯ?"

ರಜೆ ಬಂತೆಂದರೆ ಅನೇಕ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಗೆಳೆಯರ ತಂಡ ಕುದುರೆಮುಖಕ್ಕೋ ಮುಳ್ಳಯ್ಯನಗಿರಿಗೋ ಹೊರಟು ನಿಂತಿದೆ. ನಿನ್ನೆ ಸಂಜೆ ಸುರಿದ ಮಳೆಗೆ ಗಾಳಿ ತಂಪಾಗಿದೆ, ಬೆಳಗಿನ ಆಕಾಶ ತಿಳಿಯಾಗಿದೆ. ಚೀಲ ಬೆನ್ನಿಗೇರುತ್ತದೆ, ಉಮ್ಮನೂ ಒಪ್ಪಿಬಿಡುತ್ತಾರೆ.

ನಮ್ಮ ಪರಿಚಯದ ಯುವಕನೊಬ್ಬ ಹೀಗೆಯೇ ಚಾರಣಕ್ಕೆ ಹೋಗಿ ಕ್ಷೇಮವಾಗಿ ಮನೆಗೆ ಮರಳಿದ್ದ. ಕಾಲ್ಬೆರಳಿನಲ್ಲಿ ಒಂದು ಸಣ್ಣ ಗಾಯ, ಅಷ್ಟೇ. ಹತ್ತನೆಯ ದಿನ ಜ್ವರ ಬಂತು. ಮಾತ್ರೆ ನುಂಗಿ ನಾಲ್ಕು ದಿನ ತಳ್ಳಿದ. ಮೀನಖಂಡದಲ್ಲಿ ನಡೆಯಲಾಗದಷ್ಟು ನೋವು, ಕಣ್ಣು ಕೆಂಪು. "ಇತ್ತೀಚೆಗೆ ಹಳ್ಳಕ್ಕೆ, ಗದ್ದೆ ನೀರಿಗೆ ಇಳಿದಿದ್ದಿರಾ?" ಎಂದು ವೈದ್ಯರು ಕೇಳಿದಾಗಲೇ ಅವನಿಗೆ ಬೆಟ್ಟದ ನೆನಪಾದದ್ದು. ಅದು ಇಲಿ ಜ್ವರವಾಗಿತ್ತು. ಅಷ್ಟರಲ್ಲಿ ಮೂತ್ರಪಿಂಡಕ್ಕೂ ತೊಂದರೆ ತಗಲಿತ್ತು. ಚಿಕಿತ್ಸೆಯಿಂದ ಗುಣವಾದ, ಆದರೆ ಮನೆಮಂದಿ ಎರಡು ವಾರ ನಿದ್ದೆಗೆಟ್ಟರು.

ಮಳೆ ನಿಂತ ಕೂಡಲೇ ಆಕಾಶ ತಿಳಿಯಾಗುತ್ತದೆ. ಉಳಿದವುಗಳಿಗೆ ಸಮಯ ಬೇಕು. ಸಿಡಿಲಿನ ಅಪಾಯ ಕಳೆಯಲು ಅರ್ಧ ಗಂಟೆ, ತೊರೆ ಇಳಿಯಲು ಕೆಲವು ಗಂಟೆ, ನೆಲ ಗಟ್ಟಿಯಾಗಲು ಕೆಲವು ದಿನ. ನಮ್ಮ ದೇಹಕ್ಕೆ ಏನೂ ಆಗಿಲ್ಲ ಎಂದು ಹೇಳಬೇಕಾದರೆ ಸುಮಾರು ಮೂರು ವಾರ. ಈ ನಾಲ್ಕು ಗಡುವುಗಳನ್ನು ನೆನಪಿಟ್ಟುಕೊಂಡರೆ ಮಳೆಗಾಲದ ಹೆಚ್ಚಿನ ಅನಾಹುತಗಳನ್ನು ತಪ್ಪಿಸಬಹುದು. ಒಂದೊಂದಾಗಿ ನೋಡೋಣ.

ಅರ್ಧ ಗಂಟೆ: ಸಿಡಿಲು

ನಮ್ಮ ಪಶ್ಚಿಮ ಘಟ್ಟದಲ್ಲಿ, ಕಾಫಿ ತೋಟದವರು ಕಾಯುವ ಹೂಮಳೆಯಿಂದ ಹಿಡಿದು ಮೇ ಕೊನೆಯ ರೋಹಿಣಿ ಮಳೆಯ ತನಕ ಬರುವುದು ಹೆಚ್ಚಾಗಿ ಗುಡುಗಿನ ಮಳೆ. ಬೆಳಗ್ಗೆ ಉರಿಬಿಸಿಲು, ಮಧ್ಯಾಹ್ನದ ನಂತರ ಮೋಡ ಕಟ್ಟಿ ಒಂದೆರಡು ಗಂಟೆ ಸುರಿದು ಹೋಗುತ್ತದೆ. ಆದ್ದರಿಂದ ಈ ತಿಂಗಳುಗಳಲ್ಲಿ ನಸುಕಿನಲ್ಲೇ ಹತ್ತಲು ಶುರುಮಾಡಿ, ಮಧ್ಯಾಹ್ನ ಹನ್ನೆರಡರೊಳಗೆ ತುದಿ ಬಿಟ್ಟು ಇಳಿಯುವುದು ಒಳ್ಳೆಯದು.

ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ. ಗುಡುಗಿನ ಸದ್ದು ಒಂದು ಕಿಲೋಮೀಟರ್ ದಾಟಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ ಎಂದರ್ಥ. ಅಷ್ಟು ದೂರದಿಂದಲೂ ಮುಂದಿನ ಸಿಡಿಲು ನೀವು ನಿಂತಲ್ಲಿಗೆ ಬಡಿಯಬಹುದು. ಕೊನೆಯ ಗುಡುಗು ಕೇಳಿದ ಬಳಿಕ ಮೂವತ್ತು ನಿಮಿಷ ಕಳೆಯುವವರೆಗೆ ಬಯಲಿಗೆ, ಬೆಟ್ಟದ ಏಣಿಗೆ ಮರಳಬೇಡಿ. ಮಳೆ ನಿಂತಿತೆಂದು ಫೋಟೋ ತೆಗೆಯಲು ತುದಿಗೆ ಓಡುವುದು ಬಹಳ ಅಪಾಯಕಾರಿ.

ಕುದುರೆಮುಖದ ದಾರಿಯಲ್ಲಿ ಹುಲ್ಲುಗಾವಲಿನ ನಡುವೆ 'ಒಂಟಿಮರ' ಎಂದೇ ಹೆಸರಾದ ಜಾಗವಿದೆ. ಬಿಸಿಲಿನಲ್ಲಿ ಹೋದವರಿಗೆ ಅದು ನೆರಳು. ಗುಡುಗುವಾಗ ಮಾತ್ರ ಅಂಥ ಒಂಟಿ ಮರದಿಂದ ದೂರವೇ ಇರಬೇಕು, ಏಕೆಂದರೆ ಸುತ್ತಲಿನ ಎತ್ತರದ ವಸ್ತುವನ್ನೇ ಸಿಡಿಲು ಹೆಚ್ಚಾಗಿ ಹುಡುಕುತ್ತದೆ. ಏಣಿಯಿಂದ ಕೆಳಗಿಳಿದು, ಒಂದೇ ಎತ್ತರದ ಮರಗಳಿರುವ ದಟ್ಟ ಕಾಡಿನ ಕಡೆಗೆ ಸರಿಯಿರಿ. ಕಾಂಡಕ್ಕೆ ಒರಗಬೇಡಿ. ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲದೆ ಹದಿನೈದು ಹೆಜ್ಜೆಯಾದರೂ ದೂರವಿರಿ. ಕೊಡೆ, ಲೋಹದ ಕೋಲು ಬದಿಗಿಡಿ. ಓಡಲು ದಾರಿಯೇ ಇಲ್ಲದಿದ್ದರೆ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತು ಕಿವಿ ಮುಚ್ಚಿಕೊಳ್ಳಿ. ನೆಲದ ಮೇಲೆ ಮಲಗಬೇಡಿ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬ ನಂಬಿಕೆ ತಪ್ಪು. ಅವರ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈಯಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿಯಂತೆ ಗಟ್ಟಿಯಾಗಿ ಒತ್ತುತ್ತಾ ಇರಿ. ಇದರಿಂದ ಬದುಕಿ ಉಳಿದವರು ಬಹಳ ಮಂದಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಎಂಬ ಆ್ಯಪ್ ಸಮೀಪದ ಸಿಡಿಲಿನ ಮುನ್ಸೂಚನೆ ನೀಡುತ್ತದೆ. ಆದರೆ ಕಾಡಿನೊಳಗೆ ನೆಟ್‌ವರ್ಕ್ ಸಿಗದು. ಅಲ್ಲಿ ನಿಮ್ಮ ಕಣ್ಣು ಕಿವಿಗಳೇ ಆಧಾರ.

ಕೆಲವು ಗಂಟೆ: ತೊರೆ

ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹೋಗುವವರು ಹಲವು ತೊರೆಗಳನ್ನು ದಾಟಬೇಕು. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಸಂಜೆ ಮರಳುವಾಗ ತೊಡೆಮಟ್ಟ ಏರಿರಬಹುದು. ನೀವು ನಿಂತಲ್ಲಿ ಒಂದು ಹನಿಯೂ ಬೀಳದಿದ್ದರೂ ಹೀಗಾಗುತ್ತದೆ. ಏಕೆಂದರೆ ತೊರೆಯ ನೀರು ಮೇಲಿನ ಇಡೀ ಕಣಿವೆಯ ನೀರು. ಅಲ್ಲಿ ಸುರಿದ ಮಳೆ ಇಲ್ಲಿಗೆ ತಲುಪಲು ಅರ್ಧ ಗಂಟೆಯೋ ಒಂದು ಗಂಟೆಯೋ ತಗಲುತ್ತದೆ.

ಇದೇ ಪಶ್ಚಿಮ ಘಟ್ಟದ ಮಹಾರಾಷ್ಟ್ರ ಭಾಗದಲ್ಲಿ ನಡೆದ ದುರಂತ ನಿಮಗೆ ನೆನಪಿರಬಹುದು. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ, ವಿಹಾರಕ್ಕೆ ಬಂದಿದ್ದ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ನೀರು ಏರುತ್ತಿದ್ದಂತೆ ಅವರು ಹರಿವಿನ ನಡುವೆ ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದ ದೃಶ್ಯವನ್ನು ದೇಶವೇ ನೋಡಿತು. ದಡದಲ್ಲಿದ್ದವರಿಗೆ ಏನೂ ಮಾಡಲಾಗಲಿಲ್ಲ. ಕಾಲು ಇಳಿಬಿಟ್ಟು ಕೂರುವ ಬಂಡೆ ಎಷ್ಟು ಬೇಗ ನಡುಗಡ್ಡೆಯಾಗುತ್ತದೆ ಎಂಬುದನ್ನು ಮಕ್ಕಳೊಂದಿಗೆ ಹೋಗುವ ಪ್ರತಿಯೊಬ್ಬರೂ ಅರಿತಿರಬೇಕು.

ತೊರೆ ದಾಟುವ ಮೊದಲು ನೀರಿನಂಚಿನಲ್ಲಿ ಒಂದು ಕಲ್ಲಿಟ್ಟು ಗುರುತು ಮಾಡಿ. ಹತ್ತು ನಿಮಿಷದಲ್ಲಿ ಕಲ್ಲು ಮುಳುಗಿದರೆ ನೀರು ಏರುತ್ತಿದೆ ಎಂದರ್ಥ. ತಿಳಿನೀರು ಏಕಾಏಕಿ ಕೆಂಪಾಗುವುದು, ತರಗೆಲೆ ಕಡ್ಡಿಗಳು ತೇಲಿ ಬರುವುದು, ನೀರಿನ ಸದ್ದು ದಪ್ಪವಾಗುವುದು ಇವೆಲ್ಲ ಮೇಲಿನಿಂದ ಬರುವ ಎಚ್ಚರಿಕೆಗಳು. ಕೂಡಲೇ ಎತ್ತರದ ದಡಕ್ಕೆ ಹೋಗಿ.

ರಭಸದ ಹರಿವಾದರೆ ಹದಿನೈದು ಸೆಂಟಿಮೀಟರ್, ಅಂದರೆ ಒಂದು ಗೇಣಿಗೂ ಕಡಿಮೆ ನೀರು ಬೆಳೆದ ಮನುಷ್ಯನನ್ನು ಬೀಳಿಸಬಲ್ಲದು. ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯಲೇಬೇಡಿ. ದಾಟಲೇಬೇಕಾದರೆ ಕಿರಿದಾದ ಜಾಗ ಬಿಟ್ಟು ಅಗಲವಾದ ಜಾಗ ಆರಿಸಿ. ಕಿರಿದಾದಲ್ಲಿ ನೀರು ಆಳವೂ ಹೌದು, ರಭಸವೂ ಹೌದು. ಬೂಟು ಬಿಚ್ಚಬೇಡಿ. ಬೆನ್ನಚೀಲದ ಸೊಂಟದ ಪಟ್ಟಿ ಸಡಿಲಿಸಿ, ಜಾರಿದರೆ ಚೀಲ ಕಳಚಿಕೊಳ್ಳಲು ಸಾಧ್ಯವಾಗಬೇಕು. ಗಟ್ಟಿ ಕೋಲಿನಿಂದ ಮುಂದಿನ ಹೆಜ್ಜೆಯ ಜಾಗ ತಡಕಿ ನೋಡಿ.

ನೀರು ಹೆಚ್ಚಾಗಿದ್ದರೆ ಎಲ್ಲಕ್ಕಿಂತ ಒಳ್ಳೆಯ ಉಪಾಯ ಕಾಯುವುದು. ಬೆಟ್ಟದ ಸಣ್ಣ ತೊರೆಗಳು ಏರುವಷ್ಟೇ ಬೇಗ ಇಳಿಯುತ್ತವೆ. ಮೇಲೆ ಮಳೆ ನಿಂತರೆ ಸಾಮಾನ್ಯವಾಗಿ ಕೆಲವೇ ಗಂಟೆಗಳು ಸಾಕು. ಕತ್ತಲಾಯಿತೆಂದು ಅವಸರಪಟ್ಟು ಇಳಿಯುವುದಕ್ಕಿಂತ ದಡದಲ್ಲಿ ಒಂದು ರಾತ್ರಿ ಹಸಿದು ಕೂರುವುದೇ ಮೇಲು.

ಕೆಲವು ದಿನ: ನೆಲ

ಬೇಸಿಗೆಯಲ್ಲಿ ಒಣಗಿ ಗಟ್ಟಿಯಾದ ಮಣ್ಣಿನ ಮೇಲೆ ಮೊದಲ ಮಳೆ ಬಿದ್ದಾಗ ಮೇಲಿನ ತೆಳು ಪದರವಷ್ಟೇ ನೆನೆಯುತ್ತದೆ. ಅಡಿಯ ನೆಲ ಹಾಗೆಯೇ ಗಟ್ಟಿಯಾಗಿ ಉಳಿದಿರುತ್ತದೆ. ಸಿಮೆಂಟಿನ ಮೇಲೆ ಸಾಬೂನು ನೀರು ಚೆಲ್ಲಿದಂತೆ ಆಗುತ್ತದೆ. ಮುರಕಲ್ಲಿನ ಮೇಲಿನ ಕೆಂಪು ಮಣ್ಣಿನಲ್ಲಿ ಇದು ಇನ್ನೂ ಹೆಚ್ಚು. ಜುಲೈ, ಆಗಸ್ಟ್‌ನಲ್ಲಿ ಬಂಡೆಗಳಿಗೆ ಪಾಚಿ ಹಿಡಿದಿರುತ್ತದೆ. ಅದು ಹಸಿರಾಗಿ ಕಂಡರೆ ಹೇಗೋ ತಪ್ಪಿಸಿಕೊಳ್ಳಬಹುದು. ಕಪ್ಪಾಗಿ ತೆಳುವಾಗಿ ಹಬ್ಬಿದ ಪಾಚಿ ಒದ್ದೆ ಕಲ್ಲಿನಂತೆಯೇ ಕಾಣುತ್ತದೆ, ಹೆಚ್ಚು ಬೀಳಿಸುವುದು ಅದೇ.

ಹತ್ತುವುದಕ್ಕಿಂತ ಇಳಿಯುವಾಗ ಬೀಳುವುದು ಹೆಚ್ಚು. ಕಾಲು ದಣಿದಿರುತ್ತದೆ, ದೇಹದ ಭಾರ ಮುಂದಕ್ಕೆ ಎಳೆಯುತ್ತದೆ. ಮೊಣಕಾಲು ಸ್ವಲ್ಪ ಬಾಗಿಸಿ, ಸಣ್ಣ ಹೆಜ್ಜೆ ಇಡಿ. ಕಡಿದಾದಲ್ಲಿ ಪಾದವನ್ನು ಅಡ್ಡಕ್ಕಿಟ್ಟು ಇಳಿಯಿರಿ. ತೊಗಟೆ ಸವೆದ ಒದ್ದೆ ಬೇರುಗಳ ಮೇಲೆ ಕಾಲಿಡಬೇಡಿ. ತರಗೆಲೆಯ ರಾಶಿಯ ಅಡಿಯಲ್ಲಿ ಗುಂಡಿಯೂ ಇರಬಹುದು, ಹಾವೂ ಇರಬಹುದು. ಕೋಲಿನಿಂದ ತಟ್ಟಿ ಮುಂದೆ ಹೋಗಿ. ಅಡಿಭಾಗ ಸವೆದ ಬೂಟು, ನಯವಾದ ಅಟ್ಟೆಯ ಚಪ್ಪಲಿ ಬೇಡವೇ ಬೇಡ.

ಉಡುಪಿನ ಬಗ್ಗೆಯೂ ಒಂದು ಮಾತು. ನೆಲ ಮುಟ್ಟುವ ಬುರ್ಖಾ ಅಥವಾ ಉದ್ದನೆಯ ಲಂಗ ಒದ್ದೆಯಾದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಮುಳ್ಳುಪೊದೆಗೂ ಸಿಕ್ಕಿಕೊಳ್ಳುತ್ತದೆ. ಮೊಣಕಾಲಿನ ಕೆಳಗಿನವರೆಗೆ ಬರುವ ಸಡಿಲ ಅಂಗಿ, ಅದರ ಒಳಗೆ ಕಾಲುಚೀಲದೊಳಕ್ಕೆ ಸೇರಿಸಿದ ಪೈಜಾಮ ನಡೆಯಲು ಸುಲಭ. ಜಿಗಣೆಗೂ ಅದು ತಡೆ.

ಕಾಲು ಉಳುಕಿದರೆ ತಿಕ್ಕಬೇಡಿ, ಬಿಸಿ ಎಣ್ಣೆ ಹಚ್ಚಿ ಎಳೆಯಬೇಡಿ. ತಣ್ಣೀರಿನ ಬಟ್ಟೆಯಿಟ್ಟು, ಹದವಾಗಿ ಪಟ್ಟಿ ಸುತ್ತಿ, ಕಾಲನ್ನು ಎತ್ತರದಲ್ಲಿಟ್ಟು ವಿಶ್ರಾಂತಿ ಕೊಡಿ. ನಾಲ್ಕು ಹೆಜ್ಜೆಯನ್ನೂ ಊರಲು ಆಗದಿದ್ದರೆ ಮೂಳೆ ಮುರಿದಿರುವ ಸಾಧ್ಯತೆಯಿದೆ, ಎಕ್ಸ್‌ರೇ ಮಾಡಿಸಬೇಕು.

ಎಡೆಬಿಡದೆ ಹಲವು ದಿನ ಮಳೆ ಸುರಿದಿದ್ದರೆ ಜಾರುವುದು ನಮ್ಮ ಕಾಲು ಮಾತ್ರವಲ್ಲ, ಗುಡ್ಡವೇ ಜಾರಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರು ಮತ್ತು ವಯನಾಡಿನಲ್ಲಿ ಅದನ್ನು ಕಂಡಿದ್ದೇವೆ. ನೆಲದಲ್ಲಿ ಹೊಸ ಬಿರುಕು, ಓರೆಯಾದ ಮರಗಳು, ಇಳಿಜಾರಿನಲ್ಲಿ ಹೊಸದಾಗಿ ಒಸರುವ ನೀರು ಕಂಡರೆ ಆ ದಾರಿ ಬಿಡಿ. ಮಳೆ ಸುರಿಯುತ್ತಿದ್ದರೂ ತೊರೆಯ ನೀರು ಥಟ್ಟನೆ ಕಡಿಮೆಯಾಯಿತೆಂದರೆ ಮೇಲೆ ಎಲ್ಲೋ ಮಣ್ಣು ಕುಸಿದು ನೀರಿಗೆ ಕಟ್ಟೆ ಬಿದ್ದಿರಬಹುದು. ಕೂಡಲೇ ಕಣಿವೆಯಿಂದ ಬದಿಗೆ ಸರಿದು ಎತ್ತರಕ್ಕೆ ಹೋಗಿ.

ಒದ್ದೆ ಬಟ್ಟೆಯ ಚಳಿ

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಚಳಿಯಿಂದ ಏನಾದೀತು ಎಂದು ಅಂದುಕೊಳ್ಳುವವರು ಬಹಳ. ಸಾಮಾನ್ಯವಾಗಿ ಸಾವಿರ ಮೀಟರ್ ಏರಿದರೆ ಉಷ್ಣತೆ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಮಂಗಳೂರಿನಲ್ಲಿ 30 ಡಿಗ್ರಿ ಇರುವಾಗ ಸುಮಾರು 1,890 ಮೀಟರ್ ಎತ್ತರದ ಕುದುರೆಮುಖದ ತುದಿಯಲ್ಲಿ 18ರ ಆಸುಪಾಸು ಇದ್ದೀತು. ಜೊತೆಗೆ ಜೋರುಗಾಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ದೇಹದ ಬಿಸಿಯನ್ನು ಎಳೆದುಕೊಳ್ಳುತ್ತದೆ. ಒದ್ದೆ ಹತ್ತಿ ಬಟ್ಟೆಯಲ್ಲಿ ಎರಡು ಗಂಟೆ ಗಾಳಿಗೆ ನಿಂತರೆ ದೇಹದ ತಾಪ 35 ಡಿಗ್ರಿಗಿಂತ ಕೆಳಗಿಳಿಯುವ ಅಪಾಯವಿದೆ.

ಮೊದಲು ನಡುಕ, ಆಮೇಲೆ ಕೈಬೆರಳು ಮಾತು ಕೇಳದಿರುವುದು, ನಾಲಗೆ ತೊದಲುವುದು, ಎಡವುತ್ತಾ ನಡೆಯುವುದು. "ನನಗೇನೂ ಆಗಿಲ್ಲ, ಸುಮ್ಮನೆ ಕೂರುತ್ತೇನೆ" ಎಂದು ಹಿಂದುಳಿಯುವವರನ್ನು ಎಂದಿಗೂ ಒಂಟಿಯಾಗಿ ಬಿಡಬೇಡಿ. ಗಾಳಿಗೆ ಮರೆಯಾದಲ್ಲಿ ಕೂರಿಸಿ, ಒದ್ದೆ ಬಟ್ಟೆ ತೆಗೆದು ಒಣಬಟ್ಟೆ ತೊಡಿಸಿ, ತಲೆ ಮುಚ್ಚಿ. ಎಚ್ಚರವಿದ್ದರೆ ಸಿಹಿಯಾದ ಬಿಸಿ ಚಹಾ ಕೊಡಿ. ಕೈಕಾಲು ಜೋರಾಗಿ ಉಜ್ಜಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಒಂದು ಜೊತೆ ಒಣಬಟ್ಟೆ ಪ್ರತಿಯೊಬ್ಬರ ಬಳಿಯೂ ಇರಲಿ.

ಜಿಗಣೆ, ಕುಡಿಯುವ ನೀರು, ಪಾದ

ಮಳೆ ಬಿದ್ದ ಶೋಲಾ ಕಾಡಿನಲ್ಲಿ ಜಿಗಣೆ ತಪ್ಪಿದ್ದಲ್ಲ. ಮಲೆನಾಡಿಗರು ಇದನ್ನು ಇಂಬಳ, ಉಂಬಳ ಎನ್ನುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿ ಇರುವುದರಿಂದ ಕಚ್ಚಿದ ಜಾಗದಲ್ಲಿ ಬಹಳ ಹೊತ್ತು ರಕ್ತ ಒಸರುತ್ತದೆ. ನೋಡಿ ಗಾಬರಿಯಾಗಬೇಡಿ. ಎಳೆದು ಕೀಳದೆ, ಚರ್ಮಕ್ಕೆ ಒತ್ತಿದಂತೆ ಉಗುರು ಸರಿಸಿ ಅದರ ಬಾಯಿ ಬಿಡಿಸಿ. ಬೆಂಕಿ ತಾಗಿಸಬೇಡಿ. ಸಾಬೂನಿನಿಂದ ತೊಳೆದು, ಶುಚಿಯಾದ ಬಟ್ಟೆ ಒತ್ತಿಹಿಡಿಯಿರಿ. ತುರಿಸಿದರೆ ಕೀವಾಗುತ್ತದೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಮಾತ್ರ ಹೆಚ್ಚು ಎಚ್ಚರವಾಗಿರಬೇಕು.

ಬೆಟ್ಟದ ನೀರು ಶುದ್ಧ ಎಂಬ ಮಾತನ್ನು ಮಳೆಯ ಮರುದಿನ ನಂಬಬೇಡಿ. ಆ ದಿನ ತೊರೆಗೆ ಕಾಡುಪ್ರಾಣಿ ಮತ್ತು ದನಗಳ ಸಗಣಿ, ಮೂತ್ರ, ಕೊಳೆತ ಎಲೆ ಎಲ್ಲವೂ ತೊಳೆದು ಬಂದಿರುತ್ತವೆ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಸಾಲದಿದ್ದರೆ ಬಟ್ಟೆಯಲ್ಲಿ ಸೋಸಿ, ಗುಳ್ಳೆಯೆದ್ದು ಕುದಿಯತೊಡಗಿದ ಮೇಲೆ ಒಂದು ನಿಮಿಷ ಕುದಿಸಿ. ಕ್ಲೋರಿನ್ ಮಾತ್ರೆ ಹಾಕುವುದಾದರೂ ಮೊದಲು ಸೋಸಬೇಕು, ಕೆಸರು ನೀರಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ವುಝೂವಿಗಾಗಿ ಬಾಯಿ ಮುಕ್ಕಳಿಸಲು, ಮೂಗಿಗೆ ನೀರೇರಿಸಲು ಕೂಡಾ ಒಯ್ದ ನೀರನ್ನೇ ಮಿತವಾಗಿ ಬಳಸಿ. ಇಲಿ ಜ್ವರದ ರೋಗಾಣು ದೇಹ ಸೇರುವುದು ಚರ್ಮದ ಗಾಯದಿಂದ ಮಾತ್ರವಲ್ಲ, ಕಣ್ಣು, ಮೂಗು, ಬಾಯಿಯ ಮೃದು ಪೊರೆಗಳಿಂದಲೂ ಹೌದು.

ಹೊರಡುವ ಮೊದಲೇ ಪಾದದ ಗಾಯ, ಬಿರುಕುಗಳಿಗೆ ನೀರು ತಾಗದ ಪಟ್ಟಿ ಹಾಕಿಕೊಳ್ಳಿ. ಮಧ್ಯಾಹ್ನ ಒಮ್ಮೆ ಕಾಲುಚೀಲ ಬದಲಿಸಿ. ಮರಳಿದ ಮೇಲೆ ಸಾಬೂನಿನಿಂದ ತೊಳೆದು ಬೆರಳ ಸಂದುಗಳನ್ನು ಒರೆಸಿ ಒಣಗಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದ ಗಾಯ ಗೊತ್ತೇ ಆಗದಿರಬಹುದು. ಅವರ ಪಾದದಡಿಯನ್ನು ಮನೆಯವರೇ ನೋಡಿ ಪರೀಕ್ಷಿಸಲಿ.

ಮೂರು ವಾರ: ಜ್ವರ

ಮನೆಗೆ ಬಂದ ದಿನವೇ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಸ್ನಾನ ಮಾಡಿ, ಕಂಕುಳು, ತೊಡೆಸಂದು, ಸೊಂಟ, ಕಿವಿಯ ಹಿಂಭಾಗ ಪರೀಕ್ಷಿಸಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನಿಧಾನವಾಗಿ ನೇರಕ್ಕೆ ಎಳೆಯಿರಿ.

ನಂತರ ಮೂರು ವಾರ ಜ್ವರದ ಮೇಲೆ ಕಣ್ಣಿಡಿ. ಇಲಿ ಜ್ವರ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಇನ್ನೂ ತಡವಾಗಬಹುದು. ತೀವ್ರ ಜ್ವರ, ತಲೆನೋವು, ಮೀನಖಂಡದ ನೋವು, ಕೆಂಪು ಕಣ್ಣು ಇದರ ಲಕ್ಷಣ. ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು ರೋಗ ಉಲ್ಬಣಿಸಿದ ಸೂಚನೆ.

ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಕೀಟದ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಒಂದರಿಂದ ಮೂರು ವಾರದೊಳಗೆ ತೋರುತ್ತದೆ. ಕಚ್ಚಿದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರಬಹುದು. ನೋವಿಲ್ಲದ ಕಾರಣ ಅದು ಗಮನಕ್ಕೇ ಬರುವುದಿಲ್ಲ. ಮುಚ್ಚಿದ ಭಾಗಗಳಲ್ಲೂ ಹುಡುಕಿ, ಕಂಡರೆ ಸಂಕೋಚಪಡದೆ ವೈದ್ಯರಿಗೆ ತೋರಿಸಿ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಮುಂಗಾರು ಹಿಡಿಯುವವರೆಗೆ, ಅಂದರೆ ಬೇಸಿಗೆ ಮಳೆಯ ತಿಂಗಳುಗಳಲ್ಲೂ ಅದರ ಭಯವಿದೆ. ಆ ಪ್ರದೇಶಗಳಲ್ಲಿ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡೇ ಕಾಡಿಗೆ ಹೋಗಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇಲಿ ಜ್ವರ ಮತ್ತು ಸ್ಕ್ರಬ್ ಟೈಫಸ್‌ಗೆ ಬೇಗ ಆರಂಭಿಸಿದರೆ ಚೆನ್ನಾಗಿ ನಾಟುವ, ದುಬಾರಿಯಲ್ಲದ ಔಷಧಗಳಿವೆ. ತಡವಾದರೆ ಅದೇ ರೋಗಗಳು ಪ್ರಾಣಕ್ಕೆ ಎರವಾಗುತ್ತವೆ. ಆದ್ದರಿಂದ ಜ್ವರ ಬಂದರೆ ಅಂಗಡಿಯಿಂದ ಆ್ಯಂಟಿಬಯಾಟಿಕ್, ನೋವಿನ ಮಾತ್ರೆ ತಂದು ನುಂಗಬೇಡಿ. ವೈದ್ಯರ ಬಳಿ ಹೋಗಿ, ಅವರು ಕೇಳುವ ಮೊದಲೇ ಹೇಳಿ: "ಇಂಥ ದಿನ ಬೆಟ್ಟಕ್ಕೆ ಹೋಗಿದ್ದೆ, ತೊರೆಗೆ ಇಳಿದಿದ್ದೆ." ಮೇಲೆ ಹೇಳಿದ ಯುವಕ ಮೊದಲ ದಿನವೇ ಈ ಮಾತು ಹೇಳಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು.

ಹೊರಡುವ ಮೊದಲು

- ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ದಾರಿ ಮುಚ್ಚಿದ್ದರೆ ಕಳ್ಳದಾರಿಯಿಂದ ಹೋಗಬೇಡಿ. ದಾರಿ ತಪ್ಪಿದಾಗ ನಿಮ್ಮನ್ನು ಹುಡುಕಲು ಯಾರಿಗೂ ತಿಳಿದಿರುವುದಿಲ್ಲ.
- ಹವಾಮಾನ ಇಲಾಖೆ ಆ ಜಿಲ್ಲೆಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿದ್ದರೆ ಚಾರಣ ಮುಂದೂಡಿ. ಹಿಂದಿನ ಮೂರು ದಿನ ಎಷ್ಟು ಮಳೆಯಾಗಿದೆ ಎಂಬುದನ್ನೂ ಸ್ಥಳೀಯರಲ್ಲಿ ಕೇಳಿ.
- ಸ್ಥಳೀಯ ಮಾರ್ಗದರ್ಶಿಯನ್ನು ಜೊತೆಗೆ ಕರೆದುಕೊಳ್ಳಿ. ಅವರು ಬೇಡವೆಂದರೆ ವಾದ ಮಾಡಬೇಡಿ.
- ಯಾವ ದಾರಿ, ಯಾರೆಲ್ಲ ಇದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೋಗಿ. ಹೊತ್ತು ಮೀರಿದರೆ ಮನೆಯವರು 112ಕ್ಕೆ ಕರೆ ಮಾಡಲಿ. ಆಂಬುಲೆನ್ಸ್‌ಗೆ 108.
- ಚೀಲದಲ್ಲಿ: ಎರಡು ಮೂರು ಲೀಟರ್ ನೀರು, ಒಣಬಟ್ಟೆ, ಮಳೆ ಅಂಗಿ, ಎರಡು ಜೊತೆ ಕಾಲುಚೀಲ, ಟಾರ್ಚ್, ಸೀಟಿ, ಸಾಬೂನು, ಗಾಯಕ್ಕೆ ಪಟ್ಟಿ, ಖರ್ಜೂರ ಅಥವಾ ಬೆಲ್ಲ, ದಿನನಿತ್ಯದ ಮಾತ್ರೆಗಳು.
- ಮರಳುವ ಸಮಯವನ್ನು ಬೆಳಗ್ಗೆಯೇ ನಿಗದಿಪಡಿಸಿ. ಆ ಹೊತ್ತಾದರೆ ತುದಿ ಕಣ್ಣೆದುರೇ ಇದ್ದರೂ ತಿರುಗಿ.

ಈ ಕೊನೆಯ ನಿಯಮ ಹೇಳಲು ಸುಲಭ, ಪಾಲಿಸಲು ಕಷ್ಟ. ಹತ್ತು ಮಂದಿಯ ನಡುವೆ "ಸಾಕು, ತಿರುಗೋಣ" ಎನ್ನುವವನನ್ನು ಪುಕ್ಕಲ ಎಂದು ಗೇಲಿ ಮಾಡುತ್ತಾರೆ. ಹಾಗಾಗಿ ಹೊರಡುವ ಮುನ್ನವೇ ತಂಡದಲ್ಲಿ ಮಾತಾಡಿಕೊಳ್ಳಿ: ಒಬ್ಬರು ತಿರುಗೋಣ ಎಂದರೂ ಎಲ್ಲರೂ ತಿರುಗಬೇಕು. ಮುಂದಿನ ಸಲ "ಉಮ್ಮಾ, ಮಳೆ ನಿಂತಿದೆಯಲ್ಲ" ಎಂದು ಮಗನೋ ಮಗಳೋ ಬಂದಾಗ ಬೇಡ ಎನ್ನಬೇಕಾಗಿಲ್ಲ. "ನಿಂತು ಎಷ್ಟು ಹೊತ್ತಾಯಿತು? ದಾರಿಯಲ್ಲಿ ಎಷ್ಟು ತೊರೆ ಇವೆ? ಎಷ್ಟು ಗಂಟೆಗೆ ತಿರುಗುತ್ತೀರಿ?" ಎಂದು ಕೇಳಿ. ಮೂರಕ್ಕೂ ಉತ್ತರವಿದ್ದರೆ ಸಂತೋಷದಿಂದ ಕಳುಹಿಸಿಕೊಡಿ.